ಗೋಡೆಯೊಳಗಿನ ಹಸಿರು ತಂತಿ

ಆ ಮನೆಯ ಬಚ್ಚಲಲ್ಲಿ ನಲ್ಲಿ ಮುಟ್ಟಿದರೆ ಬೆರಳ ತುದಿಗೆ ಜುಮ್ ಎನ್ನುತ್ತಿತ್ತು. ದಿನವೂ ಅಲ್ಲ. ಗೀಸರ್ ಹಾಕಿದ್ದಾಗ, ಕಾಲು ಒದ್ದೆಯಾಗಿದ್ದಾಗ, ಮಳೆಗಾಲದಲ್ಲಿ ಸ್ವಲ್ಪ ಹೆಚ್ಚು. ಬೆಂಗಳೂರಿನ ಆ ಬಾಡಿಗೆ ಮನೆಗೆ ಬಂದ ಮೊದಲ ವಾರವೇ ಮಾಲೀಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಹಬ್ಬಕ್ಕೆ ಹೋಳಿಗೆ ಕಳಿಸುವವರು. "ಹಳೇ ಮನೆ ಅಲ್ವಾ, ಸ್ವಲ್ಪ ಹಂಗೆ ಬರುತ್ತೆ. ರಬ್ಬರ್ ಚಪ್ಪಲಿ ಹಾಕ್ಕೊಂಡು ಹೋಗಿ, ಏನೂ ಆಗಲ್ಲ" ಅಂದರು. ಹಾಕಿಕೊಂಡೆ. ಏನೂ ಆಗಲಿಲ್ಲ. ಎರಡು ವರ್ಷ ಏನೂ ಆಗಲಿಲ್ಲ.

ಮನೆ ಬಿಡುವ ವಾರ ಹೊಸ ಬಾಡಿಗೆದಾರರು ನೋಡಲು ಬಂದರು. ಗಂಡ, ಹೆಂಡತಿ, ನಾಲ್ಕೈದು ವರ್ಷದ ಒಂದು ಮಗು. ಮಗು ಮನೆಯೆಲ್ಲ ಬರಿಗಾಲಲ್ಲಿ ಓಡಾಡುತ್ತಿತ್ತು. ಆಕೆ ಕೇಳಿದರು, "ನೀರು ಚೆನ್ನಾಗಿ ಬರುತ್ತಾ?" "ನೀರಿಗೇನೂ ತೊಂದರೆ ಇಲ್ಲ" ಅಂದೆ. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನನ್ನ ಅಡ್ವಾನ್ಸು ಇನ್ನೂ ಅವರ ಕೈಯಲ್ಲಿತ್ತು.

ನಾನು ಹೇಳಿದ್ದು ಸುಳ್ಳಲ್ಲ. ನೀರಿಗೆ ನಿಜಕ್ಕೂ ತೊಂದರೆ ಇರಲಿಲ್ಲ. ಆದರೂ ಆ ಉತ್ತರ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು, ಹೇಳಬೇಕಾದ್ದನ್ನು ಹೇಳದೆ ಉಳಿದರೆ ಅದನ್ನು ಏನೆಂದು ಕರೆಯಬೇಕು?

ಮೊದಲು ಆ 'ಜುಮ್' ಏನೆಂದು ನೋಡೋಣ. ಗೀಸರಿನೊಳಗೆ ನೀರು ಕಾಯಿಸುವ ಕಾಯಿಲಿನ ಸುತ್ತ ಲೋಹದ ಕವಚವಿರುತ್ತದೆ. ಗಡುಸು ನೀರಿನ ಸುಣ್ಣ ಕಟ್ಟಿ, ತುಕ್ಕು ಹಿಡಿದು, ಕವಚ ಬಿರುಕು ಬಿಟ್ಟರೆ ಕರೆಂಟು ನೀರಿಗೂ ಗೀಸರಿನ ಮೈಗೂ ಸೋರುತ್ತದೆ. ಹೀಗಾಗುವುದು ಸಹಜವೆಂದು ತಿಳಿದೇ ವೈರಿಂಗಿನಲ್ಲಿ ಮೂರನೆಯದೊಂದು ತಂತಿ ಇಟ್ಟಿದ್ದಾರೆ. ನಮ್ಮಲ್ಲಿ ಸಾಮಾನ್ಯವಾಗಿ ಕೆಂಪು ತಂತಿ ಫೇಸ್, ಕಪ್ಪು ತಂತಿ ನ್ಯೂಟ್ರಲ್, ಹಸಿರು ತಂತಿ ಅರ್ಥಿಂಗ್. ಸೋರಿದ ಕರೆಂಟನ್ನು ಹಸಿರು ತಂತಿ ಸುಲಭದ ದಾರಿಯಲ್ಲಿ ಕರೆದೊಯ್ಯುತ್ತದೆ. ಆ ತಂತಿ ಇಲ್ಲದಿದ್ದರೆ ಕರೆಂಟು ಕಾಯುತ್ತದೆ. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದವರೇ ಅದಕ್ಕೆ ದಾರಿ.

ಎಷ್ಟು ಕರೆಂಟು ಅಪಾಯ? ಸುಮಾರು 1 ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತರಿಂದ ಹದಿನಾರರ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಅದಕ್ಕಿಂತ ಮೇಲೆ ಉಸಿರಾಟಕ್ಕೆ, ಹೃದಯಕ್ಕೆ ಪೆಟ್ಟು. ಒದ್ದೆ ಮೈಯ ತಡೆ 1000 ಓಮ್ ಎಂದು ಇಟ್ಟುಕೊಂಡರೆ, 230 ವೋಲ್ಟಿನ ಪೂರ್ಣ ಸಂಪರ್ಕದಲ್ಲಿ ಹರಿಯುವುದು 230 ಮಿಲಿಆಂಪಿಯರ್. ಗೀಸರಿಗೆ ಹಾಕುವ 16 ಆಂಪಿಯರಿನ ಎಂಸಿಬಿ ಇದನ್ನು ಗಮನಿಸುವುದೇ ಇಲ್ಲ. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯರನ್ನು ಕಾಯಲು ಅಲ್ಲ. ಆ ಕೆಲಸಕ್ಕೆ ಬೇರೆ ಸಾಧನವಿದೆ, ಆರ್‌ಸಿಸಿಬಿ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ಸದಾ ತಾಳೆ ನೋಡುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆ ದಾರಿ ಹಿಡಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ.

ಹಸಿರು ತಂತಿಯ ವಿಶೇಷವೆಂದರೆ ಅದು ಇಲ್ಲದಿದ್ದರೂ ಎಲ್ಲವೂ ನಡೆಯುತ್ತದೆ. ಕೆಂಪು ತಂತಿ ಕಡಿದರೆ ದೀಪ ಆರುತ್ತದೆ, ಕಪ್ಪು ಕಡಿದರೂ ಆರುತ್ತದೆ. ಹಸಿರು ಕಡಿದರೆ ಏನೂ ಆಗುವುದಿಲ್ಲ. ನೀರು ಕಾಯುತ್ತದೆ, ಫ್ರಿಜ್ಜು ತಣ್ಣಗಿರುತ್ತದೆ, ಗೃಹಪ್ರವೇಶದ ಊಟ ಸುಸೂತ್ರವಾಗಿ ಮುಗಿಯುತ್ತದೆ. ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ಎಂಬುದು ಗೋಡೆಗೆ ಪ್ಲಾಸ್ಟರ್ ಬಿದ್ದ ಮೇಲೆ ಮಾಡಿದವನಿಗೆ ಮಾತ್ರ ಗೊತ್ತು.

ಪ್ಲೇಟೋನ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಉಂಗುರದ ಕಥೆ ಬರುತ್ತದೆ. ಉಂಗುರದ ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಯಾರಿಗೂ ಕಾಣುವುದಿಲ್ಲ. ಅಂಥ ಉಂಗುರ ಸಿಕ್ಕಿದ ಮೇಲೂ ಯಾರಾದರೂ ನ್ಯಾಯವಾಗಿ ನಡೆಯುತ್ತಾರೆಯೇ ಎಂಬುದು ಅಲ್ಲಿ ಗ್ಲಾಕನ್ ಸಾಕ್ರೆಟಿಸನ ಮುಂದಿಡುವ ಸವಾಲು. ತರಗತಿಯಲ್ಲಿ ಇದನ್ನು ಓದಿದಾಗ ಒಂದು ಜಾಣ ಕಲ್ಪನೆ ಅನಿಸಿತ್ತು. ಆದರೆ ಪ್ರತಿಯೊಂದು ಗೋಡೆಯೂ ಅಂಥ ಉಂಗುರವೇ. ವೈರಿಂಗ್ ಮಾಡುವವರು, ಅಡಿಪಾಯಕ್ಕೆ ಕಬ್ಬಿಣ ಕಟ್ಟುವವರು, ಔಷಧಿ ಬೆರೆಸುವವರು, ಇವರೆಲ್ಲರ ಬೆರಳಲ್ಲೂ ಅದಿದೆ. ಅವರಲ್ಲಿ ಬಹುಪಾಲು ಜನ ಹರಳು ತಿರುಗಿಸುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಾವು ರಾತ್ರಿ ಮಲಗುತ್ತೇವೆ.

ಹಾಗೆಂದು ತಪ್ಪನ್ನೆಲ್ಲ ಎಲೆಕ್ಟ್ರಿಷಿಯನ್ ಮೇಲೆ ಹೊರಿಸುವುದು ಸುಲಭ, ನ್ಯಾಯವಲ್ಲ. ನಮ್ಮಲ್ಲಿ ವೈರಿಂಗ್ ಕೆಲಸದ ಕೂಲಿ ಹೆಚ್ಚಾಗಿ 'ಪಾಯಿಂಟ್' ಲೆಕ್ಕದಲ್ಲಿ. ಒಂದು ದೀಪಕ್ಕೆ ಇಷ್ಟು, ಒಂದು ಪ್ಲಗ್ಗಿಗೆ ಇಷ್ಟು. ಹಸಿರು ತಂತಿಗೆ ಬೇರೆ ಪಾಯಿಂಟ್ ಇಲ್ಲ. ಮನೆ ಕಟ್ಟಿಸುವವರು ಗ್ರಾನೈಟಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತಾರೆ, ಆರ್‌ಸಿಸಿಬಿಯ ಮಾತು ಬಂದಾಗ "ಅದು ಬೇಕೇ ಬೇಕಾ?" ಅನ್ನುತ್ತಾರೆ. ಹಾಕಿಸಿದ ಮೇಲೂ ಅದು ಪದೇ ಪದೇ ಟ್ರಿಪ್ ಆದರೆ ಸೋರಿಕೆ ಎಲ್ಲಿದೆ ಎಂದು ಹುಡುಕಿಸುವ ಬದಲು ಆ ಸಾಧನವನ್ನೇ ಬೈಪಾಸ್ ಮಾಡಿಸುತ್ತಾರೆ. ನಿಯಮಗಳಿಲ್ಲವೇ? ಇವೆ. ಅರ್ಥಿಂಗಿಗೆಂದೇ ಐಎಸ್ 3043 ಎಂಬ ಭಾರತೀಯ ಮಾನಕವಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ನಿಗದಿತ ಮಿತಿ ಮೀರಿದ ಲೋಡಿನ ಸಂಪರ್ಕಗಳಿಗೆ ಸೋರಿಕೆ ತಡೆಯುವ ಸಾಧನ ಇರಬೇಕೆಂದು ಹೇಳಿದವು. ಆದರೂ ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತೋರಿಸುತ್ತವೆ. ಹೊಲದಲ್ಲಿ ಕಡಿದುಬಿದ್ದ ತಂತಿಯಿಂದ ಹಿಡಿದು ಬಚ್ಚಲ ಗೀಸರಿನವರೆಗೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ.

ಇಲ್ಲಿ ಇನ್ನೊಂದು ತೊಡಕು. ಇಬ್ಬರು ಎಲೆಕ್ಟ್ರಿಷಿಯನ್ನರು ಒಂದೇ ದಿನ, ಒಂದೇ ಬೀದಿಯ ಎರಡು ಮನೆಗಳಲ್ಲಿ ಹಸಿರು ತಂತಿ ಜೋಡಿಸದೆ ಬಿಟ್ಟರೆಂದುಕೊಳ್ಳಿ. ಒಂದು ಮನೆಯ ಗೀಸರ್ ಇಪ್ಪತ್ತು ವರ್ಷ ಕೆಡಲಿಲ್ಲ. ಇನ್ನೊಂದು ಮನೆಯದು ಮೂರನೇ ವರ್ಷ ಕೆಟ್ಟು ಒಬ್ಬರು ಸತ್ತರು. ಮೊದಲನೆಯವನು ಊರಿನಲ್ಲಿ ಒಳ್ಳೆಯ ಕೆಲಸಗಾರ, ಎರಡನೆಯವನು ಅಪರಾಧಿ. ಮಾಡಿದ್ದು ಇಬ್ಬರೂ ಒಂದನ್ನೇ. ತತ್ತ್ವಶಾಸ್ತ್ರದಲ್ಲಿ ಇದಕ್ಕೆ 'ನೈತಿಕ ಅದೃಷ್ಟ'ದ ಸಮಸ್ಯೆ ಎನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದರ ಬಗ್ಗೆ ಬರೆದ ಮೇಲೆ ಚರ್ಚೆ ಇನ್ನೂ ಮುಗಿದಿಲ್ಲ. ಕಾನೂನು ಮಾತ್ರ ಫಲವನ್ನು ನೋಡುತ್ತದೆ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಶಿಕ್ಷೆ ಹೇಳುತ್ತದೆ. ಸಾವು ಸಂಭವಿಸದಿದ್ದರೆ ಆ ಕಲಮಿಗೆ ಕೆಲಸವಿಲ್ಲ.

ಕಾನೂನು ಹಾಗೆ ನೋಡುವುದು ಅನಿವಾರ್ಯವಿರಬಹುದು, ಪ್ರತಿ ಗೋಡೆಯನ್ನೂ ಒಡೆದು ನೋಡಲಾಗದು. ಆದರೆ ನಾವು ನಮ್ಮನ್ನು ಹಾಗೆ ನೋಡಿಕೊಳ್ಳಬಾರದು. "ಏನೂ ಆಗಲಿಲ್ಲ" ಎಂಬುದು ನನ್ನ ಪಾಲಿನ ಸಮರ್ಥನೆಯಾಗಿತ್ತು. ಮಾಲೀಕರು ಹೇಳಿದ್ದು "ಏನೂ ಆಗಲ್ಲ", ನಾನು ಹೇಳಿಕೊಂಡದ್ದು "ಏನೂ ಆಗಲಿಲ್ಲ". ಇಬ್ಬರೂ ಅದೃಷ್ಟವನ್ನು ನಮ್ಮ ಒಳ್ಳೆಯತನದ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೆವು.

ಒಬ್ಬ ಮನುಷ್ಯ ಇದನ್ನು ಬೇರೆ ಥರ ಯೋಚಿಸಿದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಡಾಲ್ಜಿಯೆಲ್. ಎಷ್ಟು ಕರೆಂಟಿಗೆ ಮನುಷ್ಯನ ಕೈ ಹಿಡಿದದ್ದನ್ನು ಬಿಡಲಾರದು ಎಂಬುದನ್ನು ಸ್ವಯಂಸೇವಕರ ಮೇಲೆ ಎಚ್ಚರದಿಂದ ಅಳೆದವನು ಅವನು. ಮುಂದೆ 1960ರ ದಶಕದಲ್ಲಿ, ಕೆಲವೇ ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಸಾಧನ ರೂಪಿಸಿದ. 1968ರಲ್ಲಿ ಅಮೆರಿಕದ ವಿದ್ಯುತ್ ಸಂಹಿತೆ ಈಜುಕೊಳದ ನೀರೊಳಗಿನ ದೀಪಗಳಿಗೆ ಅದನ್ನು ಬೇಡಿತು, 1975ರ ಹೊತ್ತಿಗೆ ಸ್ನಾನದ ಮನೆಯ ಪ್ಲಗ್ಗುಗಳಿಗೂ. ಇವತ್ತು ಅಲ್ಲಿ ಮನೆಯ ಹಿತ್ತಲಲ್ಲಿ ಬಿಸಿನೀರಿನ ಹಾಟ್ ಟಬ್ ಇಡಬೇಕಾದರೂ ಅದು ಬೇಕು. ಜೊತೆಗೆ ಕರೆಂಟು ಪೂರ್ತಿ ಕಡಿಯುವ ಸ್ವಿಚ್ಚು ಟಬ್ಬಿನ ಬಳಿಯಿಂದ ಕಣ್ಣಿಗೆ ಕಾಣಬೇಕು, ಆದರೆ ನೀರಿನಿಂದ ಕನಿಷ್ಠ 5 ಅಡಿ ದೂರವಿರಬೇಕು. ರಿಪೇರಿಗೆ ಬಂದವನು ಕೆಲಸ ಮಾಡುತ್ತಿರುವಾಗ ಬೇರೆ ಯಾರೋ ಸ್ವಿಚ್ಚು ಹಾಕಿಬಿಡಬಾರದು ಎಂದು ಕಾಣಬೇಕು. ನೀರಲ್ಲಿ ಕೂತವರ ಒದ್ದೆ ಕೈಗೆ ಅದು ಎಟುಕಬಾರದು ಎಂದು ದೂರವಿರಬೇಕು.

ಈ ಒಣ ನಿಯಮವನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಯಾರೋ ಒಬ್ಬರು ಎಂದೂ ಕಂಡಿರದ ಇಬ್ಬರನ್ನು ಮನಸ್ಸಿನಲ್ಲಿ ಕಂಡಿದ್ದಾರೆ, ಒಬ್ಬ ರಿಪೇರಿಯವನು, ಒಬ್ಬ ಸ್ನಾನಕ್ಕೆ ಕೂತವನು. ಒಳ್ಳೆಯ ನಿಯಮವೆಂದರೆ ಅಪರಿಚಿತರನ್ನು ಕಲ್ಪಿಸಿಕೊಳ್ಳುವ ಕೆಲಸ. ಕಥೆಗಾರರು ಮಾಡುವುದೂ ಇದನ್ನೇ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎರಡು ವರ್ಷ ಆ ಮನೆಯಲ್ಲಿ ಕೂತು ಕಥೆ, ಕಾದಂಬರಿ ಓದಿದ ನನಗೆ ನನ್ನ ನಂತರ ಆ ಬಚ್ಚಲಿಗೆ ಬರುವ ಒಬ್ಬರನ್ನು ಕಲ್ಪಿಸಿಕೊಳ್ಳಲು ಆಗಿರಲಿಲ್ಲ. ಕೊನೆಗೆ ಕಣ್ಣೆದುರೇ ಬಂದು ನಿಂತಾಗಲೂ ಆಗಲಿಲ್ಲ.

ಚಪ್ಪಲಿಗೂ ಹಸಿರು ತಂತಿಗೂ ಇರುವ ವ್ಯತ್ಯಾಸ ಇದೇ. ಚಪ್ಪಲಿ ಅದನ್ನು ಹಾಕಿಕೊಂಡವರನ್ನು ಕಾಯುತ್ತದೆ, ಅದೂ ನೆನಪಿದ್ದರೆ, ಅದೂ ಒಂದು ಮಟ್ಟಿಗೆ. ಹಸಿರು ತಂತಿ ಯಾರನ್ನು ಬೇಕಾದರೂ ಕಾಯುತ್ತದೆ, ಮರೆತವರನ್ನು, ಏನೂ ತಿಳಿಯದವರನ್ನು, ನಾಳೆ ಬರುವವರನ್ನು. ನಾವು ಬಹಳಷ್ಟು ಕಡೆ ಚಪ್ಪಲಿಯಿಂದಲೇ ಬದುಕು ಸಾಗಿಸುತ್ತೇವೆ. ಆ ರಸ್ತೆಯಲ್ಲಿ ರಾತ್ರಿ ಹೋಗಬೇಡ, ಆ ಮೇಷ್ಟ್ರ ಕೋಣೆಗೆ ಒಬ್ಬಳೇ ಹೋಗಬೇಡ, ಆ ಕಚೇರಿಯಲ್ಲಿ ಇಂಥವರನ್ನು ಹಿಡಿ. ಒಂದೊಂದೂ ಒಂದು ಜೊತೆ ಚಪ್ಪಲಿ. ಅದನ್ನು ಕೊಟ್ಟವರು ಒಳ್ಳೆಯದನ್ನೇ ಬಯಸಿರುತ್ತಾರೆ. ಆದರೆ ಸೋರಿಕೆ ಮಾತ್ರ ಹಾಗೇ ಇರುತ್ತದೆ.

ಲೋಕದ ಎಲ್ಲ ಗೋಡೆಗಳಿಗೂ ನಾನು ಹೊಣೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಗೊತ್ತಿಲ್ಲದ ಗೋಡೆಗೆ ನಾನು ಹೊಣೆಯಲ್ಲ. ಆದರೆ ಗೊತ್ತಿರುವುದು ಒಂದು ಸಾಲ. ನನ್ನ ಮೈಗೆ ತಾಕಿ ತಿಳಿದದ್ದನ್ನು ಮುಂದಿನವರು ತಮ್ಮ ಮೈಯಿಂದಲೇ ತಿಳಿಯಬೇಕಾದ ಹಾಗೆ ಬಿಟ್ಟು ಹೋಗುವುದು, ಒಂದು ವಾಕ್ಯ ಹೇಳಿದರೆ ತೀರುವ ಸಾಲವನ್ನು ಉಳಿಸಿಕೊಂಡಂತೆ.

ಅಡ್ವಾನ್ಸು ಕೈಗೆ ಬಂದ ಮೇಲೆ, ಹತ್ತು ದಿನ ತಡವಾಗಿ, ಆ ಮನೆಗೆ ಹೋದೆ. ಆಕೆಯೇ ಬಾಗಿಲು ತೆಗೆದರು. ತಡವರಿಸುತ್ತ ಬಚ್ಚಲ ವಿಷಯ ಹೇಳಿದೆ. "ಹೌದು ಸರ್, ಮೊನ್ನೆ ನನಗೂ ಹೊಡೀತು" ಅಂದರು. "ಓನರ್ ಚಪ್ಪಲಿ ಹಾಕ್ಕೊಳ್ಳಿ ಅಂದ್ರು. ಪಾಪುಗೂ ಒಂದು ಜೊತೆ ತಂದಿದೀವಿ." ಬಚ್ಚಲ ಬಾಗಿಲ ಹತ್ತಿರ ಅಂಗೈಯಷ್ಟು ಉದ್ದದ ಎರಡು ನೀಲಿ ಚಪ್ಪಲಿಗಳಿದ್ದವು.

ಆ ದಿನವೇ ಗೀಸರ್ ಬಂದ್ ಮಾಡಿಸಿದೆವು. ಮರುದಿನ ಎಲೆಕ್ಟ್ರಿಷಿಯನ್ ಬಂದು ಗೀಸರಿನ ಸ್ವಿಚ್ ಬಾಕ್ಸ್ ಬಿಚ್ಚಿದ. ಹಸಿರು ತಂತಿ ಒಳಗೇ ಇತ್ತು. ಯಾರೋ ಅದನ್ನು ನೀಟಾಗಿ ಮಡಚಿ, ತುದಿಗೆ ಟೇಪು ಸುತ್ತಿ, ಎಲ್ಲಿಗೂ ಜೋಡಿಸದೆ ಬಿಟ್ಟಿದ್ದರು. ಜೋಡಿಸಲು ಒಂದು ಸ್ಕ್ರೂ ಸಾಕಾಯಿತು. ಕಾಯಿಲು ಬದಲಾಯಿಸಿ, ಮೇನ್ ಬೋರ್ಡಿಗೆ ಆರ್‌ಸಿಸಿಬಿ ಕೂರಿಸಿ, ಅದರ ಟೆಸ್ಟ್ ಬಟನ್ ಒತ್ತಿ ತೋರಿಸಿದ. ಟಕ್ ಎಂದು ಮನೆಯ ದೀಪವೆಲ್ಲ ಆರಿತು. ಮಗು ಚಪ್ಪಾಳೆ ತಟ್ಟಿತು.

ಮಾಲೀಕರು ಗೊಣಗದೆ ದುಡ್ಡು ಕೊಟ್ಟರು. "ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?" ಅಂದರು.

ಹೇಳಿದ್ದೆ. ಎರಡು ವರ್ಷದಲ್ಲಿ ಒಂದು ಸಲ ಹೇಳಿದ್ದೆ.