ಯಾವ ದೇವರಿಗೆ ಹೊಂಟಿ?

"ಯಾವ ದೇವರಿಗೆ ಹೊಂಟೀಯವ್ವಾ?" ಎಂದು ಅತ್ತೆ ಕೇಳಿದರು. ನಾನು ಚೀಲ ತುಂಬುತ್ತಿದ್ದೆ.

"ದೇವರಿಗಲ್ಲರಿ ಅತ್ತಿ, ದೂಧಸಾಗರ ನೋಡಾಕ."

"ನೋಡಿ?"

ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸಾಲಹಳ್ಳಿಯ ಹೆಂಗಸರು ಊರು ಬಿಟ್ಟು ಹೋಗದವರೇನಲ್ಲ. ಎಲ್ಲಮ್ಮನ ಗುಡ್ಡಕ್ಕೆ, ಮದುವೆಗೆ, ಬಾಣಂತನಕ್ಕೆ, ಸತ್ತವರ ಮನೆಗೆ ಹೋಗುತ್ತೇವೆ. ಆದರೆ ಪ್ರತಿ ಪಯಣಕ್ಕೂ ಒಂದು ಕಾರಣ ಬೇಕು. ಸುಮ್ಮನೆ ನೋಡಲು ಹೋಗುವುದೆಂದರೆ ಏನೋ ಕದ್ದ ಹಾಗೆ.

ನಮ್ಮ ಕಡೆ ರೈಲಿಲ್ಲ. ಬಸ್ಸಿನಲ್ಲಿ ಧಾರವಾಡ ಮುಟ್ಟಿ, ಗೆಳತಿಯ ಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಗೋವೆಯ ರೈಲು ಹತ್ತಿದೆವು. ಶ್ರಾವಣದ ಮಳೆ. ಅಳ್ನಾವರ ದಾಟಿದ ಮೇಲೆ ಕಾಡು ಕಿಟಕಿಯ ತನಕ ಬಂತು. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ 26 ಕಿಲೋಮೀಟರಿನ ಈ ಘಟ್ಟದ ಹಾದಿ ಪೋರ್ತುಗೀಸರ ಕಾಲದ್ದು, 1880ರ ದಶಕದಲ್ಲಿ ಕಡಿದದ್ದು. 37 ಅಡಿ ಸಾಗಿದರೆ 1 ಅಡಿ ಇಳಿಯುವಷ್ಟು ಇಳಿಜಾರು. ಸುರಂಗವೊಂದರ ಕತ್ತಲೆ ಕಳೆದು ಸ್ವಲ್ಪ ಹೊತ್ತಿಗೆ, 300 ಮೀಟರಿಗೂ ಎತ್ತರದಿಂದ ಬೀಳುವ ಬಿಳುಪು ಕಣ್ಣ ಮುಂದೆ ನಿಂತಿತು. ಡಬ್ಬಿಯ ಮಾತೆಲ್ಲ ನಿಂತುಹೋಯಿತು.

ಎದುರಿಗೆ ಕುಳಿತಿದ್ದ ನರಗುಂದದ ಕಡೆಯ ರೈತರೊಬ್ಬರು ನಿಟ್ಟುಸಿರಿಟ್ಟರು: "ಎಷ್ಟ ನೀರು ಸಮುದ್ರಕ್ಕ ಹಾಳಾಗಿ ಹೊಂಟೈತಿ ನೋಡ್ರಿ."

ನನಗೆ ನಗಲಾಗಲಿಲ್ಲ. ಬ್ಯಾಸಗಿಯಲ್ಲಿ ಕೊಡ ಹಿಡಿದು ಸರದಿ ಕಾದವಳು ನಾನು. ನಮ್ಮ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ಅದೇ ತಾಲೂಕಿನ ಕಾಡಿನಲ್ಲಿ. ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ. ಆ ನೀರಿನ ಪಾಲಿಗಾಗಿ ನಡೆದ ಜಗಳಕ್ಕೆ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು. ಜಗಳ ಅಲ್ಲಿಗೂ ಮುಗಿಯಲಿಲ್ಲ. ಆ ರೈತರ ಮಾತು ಬಾಯಾರಿಕೆಯಿಂದ ಬಂದದ್ದು, ಅದನ್ನು ಹಗುರಾಗಿ ತಳ್ಳಬಾರದು.

ಆದರೂ ನಮ್ಮ ಹೊಲ ಮುಟ್ಟದ ನೀರೆಲ್ಲ ಹಾಳೇ? ಕಾಡು ಕುಡಿದದ್ದು, ಮೀನು ಈಸಿದ್ದು ಲೆಕ್ಕಕ್ಕಿಲ್ಲವೇ? ಅತ್ತೆಯ "ನೋಡಿ?" ಎಂಬುದೂ ಇದೇ ಪ್ರಶ್ನೆಯಲ್ಲವೇ ಎನ್ನಿಸಿತು. ಉಪಯೋಗಕ್ಕೆ ಬಾರದ್ದು ವ್ಯರ್ಥ. ಹೆಣ್ಣನ್ನು ಹೊಗಳುವಾಗಲೂ ನಾವು "ಒಂದು ಗಳಿಗೆ ಸುಮ್ಮನೆ ಕೂಡುವವಳಲ್ಲ" ಎನ್ನುತ್ತೇವೆ. ನಿಮ್ಮನ್ನೂ ಹಾಗೆ ಹೊಗಳಿರಬಹುದು. ಸುಮ್ಮನೆ ಕೂಡುವುದಕ್ಕೂ ಮನುಷ್ಯಳಿಗೆ ಹಕ್ಕಿದೆ ಎಂದು ಆ ಕಿಟಕಿಯ ಬದಿಯಲ್ಲಿ ನನಗೆ ನಾನೇ ಹೇಳಿಕೊಂಡೆ.

ಹಾಗೆ ಗೆದ್ದವಳಂತೆ ಬುತ್ತಿ ಬಿಚ್ಚಿದೆ. ಕಟಕರೊಟ್ಟಿ, ಶೇಂಗಾ ಚಟ್ನಿ. ಬಡಿದವರು ಅತ್ತೆ. ನಾನು ಕಿಟಕಿಯಲ್ಲಿ ಸುಮ್ಮನೆ ಕುಳಿತ ಆ ಮೂರು ದಿನ ಒಲೆಯ ಮುಂದೆ ಕುಳಿತವರೂ ಅವರೇ. ನನ್ನ ಬಿಡುವಿನ ಬೆಲೆಯನ್ನು ಇನ್ನೊಬ್ಬ ಹೆಂಗಸು ತೆತ್ತಿದ್ದರು. ಸುಮ್ಮನೆ ನೋಡುವುದು ತಪ್ಪಲ್ಲ. ನೋಡುವವಳು ಯಾವಾಗಲೂ ಒಬ್ಬಳೇ ಆದರೆ ತಪ್ಪು.

ಮರಳಿ ಬಂದಾಗ ಅತ್ತೆ ಕೇಳಿದರು, "ಹೆಂಗಿತ್ತು?"

"ಹಾಲು ಉಕ್ಕಿದಂಗ ಇತ್ತರಿ."

"ಒಲಿ ಸಣ್ಣ ಮಾಡೋರು ಯಾರೂ ಇರಲಿಲ್ಲೇನು?" ಎಂದು ನಕ್ಕರು.

ಮುಂದಿನ ಶ್ರಾವಣಕ್ಕೆ ನೀವು ಹೋಗಿ ಬರ್ರಿ, ರೊಟ್ಟಿ ನಾ ಬಡೀತೀನಿ ಎಂದೆ. ಮೊಣಕಾಲು ನೋವೆಂದರು. ಸ್ವಲ್ಪ ಹೊತ್ತು ಬಿಟ್ಟು, ರೈಲಿನ ಮೆಟ್ಟಿಲು ಎಷ್ಟು ಎತ್ತರ ಎಂದು ಕೇಳಿದರು.