ಕೆಸರಿನೊಳಗಿನ ಕಾಡು

ಆಮ್‌ಸ್ಟರ್‌ಡ್ಯಾಮ್ ಊರಿನ ನಡುಮಧ್ಯೆ, ಡ್ಯಾಮ್ ಚೌಕದಲ್ಲಿರುವ ಅರಮನೆ ಅರಮನೆಯಾಗಿ ಹುಟ್ಟಿದ್ದಲ್ಲ. 1655ರಲ್ಲಿ ಬಾಗಿಲು ತೆರೆದಾಗ ಅದು ಆ ಊರಿನ ಪುರಭವನ. 1808ರಲ್ಲಿ ನೆಪೋಲಿಯನ್ನನ ತಮ್ಮ ಲೂಯಿ ಬಂದು ಅಲ್ಲಿ ಬಿಡಾರ ಹೂಡಿದ ಮೇಲೆ ಅದಕ್ಕೆ ಅರಮನೆಯ ಪಟ್ಟ ಸಿಕ್ಕಿತು. ವಾಸ್ತುಶಿಲ್ಪಿ ಯಾಕೊಬ್ ಫಾನ್ ಕಾಂಪೆನ್ ಇಷ್ಟು ದೊಡ್ಡ ಕಟ್ಟಡಕ್ಕೆ ಮಹಾದ್ವಾರವನ್ನೇ ಇಡಲಿಲ್ಲ. ಎದುರಿಗೆ ಏಳು ಸಣ್ಣ ಕಮಾನುಗಳು, ಅಷ್ಟೇ.

ವಿನಯ ಬಾಗಿಲಿಗೇ ಮುಗಿಯಿತು ಅನ್ನಿ. ಒಳಗೆ ಮೇಲೇರಿದರೆ ಪೌರರ ಸಭಾಂಗಣ. ಅಲ್ಲಿ ನೆಲದ ಅಮೃತಶಿಲೆಯಲ್ಲೇ ಭೂಮಿಯ ಎರಡು ಗೋಳಾರ್ಧಗಳ ನಕ್ಷೆ, ನಡುವೆ ಉತ್ತರದ ನಕ್ಷತ್ರಲೋಕ. ನಮ್ಮ ಬಸರೂರಿನವರೆಗೂ ವ್ಯಾಪಾರಕ್ಕೆ ಬಂದ ಡಚ್ಚರು ಲೋಕವನ್ನೇ ಕಾಲಡಿಗೆ ಹಾಸಿಕೊಂಡಿದ್ದರು. ಹಾಗೆಂದು ಮೈಮರೆತವರೂ ಅಲ್ಲ. ದಿವಾಳಿಯೆದ್ದವರ ಲೆಕ್ಕ ನೋಡುವ ಕೋಣೆಯ ಬಾಗಿಲ ಮೇಲೆ ಶಿಲ್ಪಿ ಆರ್ಟಸ್ ಕ್ವೆಲಿನಸ್ ಮತ್ತು ಸಂಗಡಿಗರು ಆಕಾಶದಿಂದ ತಲೆಕೆಳಗಾಗಿ ಬೀಳುತ್ತಿರುವ ಗ್ರೀಕ್ ಪುರಾಣದ ಇಕಾರಸ್‌ನನ್ನು ಕೆತ್ತಿದ್ದಾರೆ. ಅವನ ಮೇಲಿನ ತೋರಣವನ್ನು ಹತ್ತಿರ ಹೋಗಿ ನೋಡಬೇಕು: ಹೂವು ಹಣ್ಣು ಇರಬೇಕಾದ ಜಾಗದಲ್ಲಿ ಬರಿದಾದ ಹಣದ ಪೆಟ್ಟಿಗೆ, ತೀರದ ಸಾಲಪತ್ರ, ಓಡಾಡುವ ಇಲಿ. ಸಾಲಗಾರ ತಲೆತಗ್ಗಿಸಿ ಇದರಡಿಯೇ ಹಾದು ಒಳಗೆ ಹೋಗಬೇಕಿತ್ತು. ಕ್ರೂರವೇ, ಆದರೂ ನಗು ಬರುತ್ತದೆ.

ಕಟ್ಟಡದ ಹಿಂಬದಿಯಲ್ಲಿ, ನೆತ್ತಿಯ ಮೇಲೆ, ಬೆನ್ನು ಬಾಗಿಸಿ ಆಕಾಶಗೋಲ ಹೊತ್ತ ಅಟ್ಲಾಸ್ ನಿಂತಿದ್ದಾನೆ. ನೋಡಿದವರೆಲ್ಲ ಅವನ ಭಾರಕ್ಕೆ ಮರುಗುತ್ತಾರೆ. ನನ್ನ ಬೆರಗೆಲ್ಲ ಕೆಳಗೆ ಹೊತ್ತವರ ಬಗ್ಗೆ.

ಆ ಊರಿನ ನೆಲ ಜವುಗು. ಕಲ್ಲಿನ ಮನೆಯನ್ನು ಹಾಗೇ ಇಟ್ಟರೆ ಕೂತುಬಿಡುತ್ತದೆ. ಕೆಸರು ದಾಟಿ ಆಳದಲ್ಲಿರುವ ಮರಳಿನ ಪದರಕ್ಕೆ ಮರದ ಕಂಬಗಳನ್ನು ಊರಬೇಕು. ಸ್ಪೇನಿನೊಂದಿಗಿನ ಎಂಬತ್ತು ವರ್ಷಗಳ ಯುದ್ಧ ಮುಗಿದ 1648ರಲ್ಲೇ ಇಲ್ಲಿ ಅಡಿಪಾಯದ ಕೆಲಸ ಶುರುವಾಯಿತು. ಎಂಜಿನ್ನಿಲ್ಲದ ಕಾಲ. ಆಳುಗಳು ಸಾಲಾಗಿ ನಿಂತು ಹಗ್ಗ ಜಗ್ಗಿ ಭಾರದ ದಿಮ್ಮಿಯನ್ನು ಮೇಲೆತ್ತಿ, ಪದ ಹೇಳುತ್ತ ಒಟ್ಟಿಗೆ ಕೈಬಿಡುವುದು. ಪ್ರತಿ ಪೆಟ್ಟಿಗೂ ಮರ ಇಷ್ಟಿಷ್ಟೇ ಇಳಿಯುವುದು. ಹೀಗೆ 13,659 ಮರಗಳು ಕೆಸರಿಗಿಳಿದವು. ಒಂದು ಕಾಡೇ!

ಮುನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಅವು ಹೇಗೆ ಉಳಿದವು? ಬಾವಿಯ ತಳಕ್ಕೆ ನೆಲ್ಲಿಮರದ ತುಂಡು ಹಾಕುವ ನಮ್ಮವರಿಗೆ ಇದು ತಕ್ಷಣ ಹೊಳೆದೀತು. ಮರವನ್ನು ತಿನ್ನುವ ಬೂಷ್ಟಿಗೆ ಗಾಳಿ ಬೇಕು. ನೀರಲ್ಲಿ ಮುಳುಗಿದ ಮರಕ್ಕೆ ಗಾಳಿ ತಾಕದು. ನೀರು ತಗ್ಗಿ ಕಂಬದ ತಲೆ ಗಾಳಿಗೆ ತೆರೆದರೆ ಅಲ್ಲಿಂದ ಕೊಳೆ ಶುರು. ಒಡ್ಡು ಕಟ್ಟಿ ಸಮುದ್ರವನ್ನು ಹೊರಗಟ್ಟಿದ ಜನ, ಊರಿನ ಬುಡದಲ್ಲಿ ಮಾತ್ರ ನೀರು ಇಳಿಯದಂತೆ ಕಾಯುತ್ತಾರೆ.

ಅಷ್ಟು ಮರಗಳ ಲೆಕ್ಕವನ್ನು ನೆನಪಿಡಲು ಅಲ್ಲಿಯ ಮಕ್ಕಳಿಗೆ ಒಂದು ಸುಲಭ ಉಪಾಯವಿದೆ: ವರ್ಷದ ದಿನಗಳು 365, ಅದರ ಎಡಕ್ಕೊಂದು 1, ಬಲಕ್ಕೊಂದು 9. ಎಷ್ಟು ಸಲೀಸಾಗಿ ಕೂತಿದೆ! ಒಂದೇ ಒಂದು ಮರ ಹೆಚ್ಚಾಗಿದ್ದರೂ ಸೂತ್ರ ಕೆಡುತ್ತಿತ್ತು. ಲೆಕ್ಕ ಬರೆದ ಗುಮಾಸ್ತನ ಮೇಲೆ ನನಗೊಂದು ಸಣ್ಣ ಗುಮಾನಿ ಇದ್ದೇ ಇದೆ.