ಪುರುಡು, ಎದೆಹಾಲು ಮತ್ತು ಶುದ್ಧಿಯ ಪ್ರಶ್ನೆ

ಎದೆಹಾಲಿನ ಒಂದು ಅಂಶ ಮಗುವಿಗೆ ಜೀರ್ಣವೇ ಆಗುವುದಿಲ್ಲ. ಲೀಟರ್ ಹಾಲಿನಲ್ಲಿ ಸುಮಾರು 5ರಿಂದ 15 ಗ್ರಾಂ ಇರುವ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಶಿಶುವಿನಲ್ಲಿಲ್ಲ. ಅವು ಹಾಗೆಯೇ ದೊಡ್ಡಕರುಳಿಗೆ ಇಳಿದು ಬೈಫಿಡೋ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ. ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ, ಕವೆಯಂತೆ ಕವಲೊಡೆದ ಈ ಜೀವಿಗಳನ್ನು 1899ರಲ್ಲಿ ಗುರುತಿಸಿದವನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೇ. ಅವು ಬಿಡುವ ಆಮ್ಲಗಳಿಂದ ಕರುಳು ಹುಳಿಯಾಗಿ, ರೋಗ ತರುವ ಹಲವು ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೇರೂರುವುದು ಕಷ್ಟವಾಗುತ್ತದೆ. ತಾಯಿ ಹಾಲೂಡುವುದು ಮಗುವಿಗಷ್ಟೇ ಅಲ್ಲ ಎಂದಾಯಿತು.

ಹೊರಗಿನ ಜೀವಿಗಳು ಸೇರಿಯೇ ಮೈ ಉಳಿಯುವುದಾದರೆ ಶುದ್ಧಿ ಎಂದರೇನು? ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಈ ಪ್ರಶ್ನೆಗೆ ಸೊಗಸಾದ ಹಿನ್ನೆಲೆಯಿದೆ. ವಾಲ್ಮೀಕಿಯ ಆಶ್ರಮ ಅಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅದೇ ಬೆಟ್ಟದಲ್ಲಿ ಎಂಬುದು ಸ್ಥಳಪುರಾಣ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು. ಬಂಡೆ ಹತ್ತಿದರೆ ಸೀತಮ್ಮನ ಗುಡಿ. ಮಕ್ಕಳಾಗಲೆಂದು ಹೆಂಗಸರು ಆಕೆಗೆ ಹರಕೆ ಹೊರುತ್ತಾರೆ. ಆದರೆ ಹರಕೆ ಫಲಿಸಿದ ಮನೆಗೇ ಪುರುಡು, ಅಂದರೆ ಹೆರಿಗೆಯ ಸೂತಕ: ಹನ್ನೊಂದನೆಯ ದಿನ ಪುಣ್ಯಾಹವಾಗುವವರೆಗೆ ಪೂಜೆಯಿಲ್ಲ. ತಾಯಿಯ ಕರುಳು, ಚರ್ಮ, ಹಾಲಿನಿಂದ ಬಂದ ಜೀವಿಗಳು ಮಗುವಿನಲ್ಲಿ ನೆಲೆಯೂರತೊಡಗುವುದೂ ಈ ದಿನಗಳಲ್ಲೇ. ರಾಮಾಯಣದ ಉತ್ತರಕಾಂಡದಲ್ಲಿ ವಾಲ್ಮೀಕಿ ಈ ಅವಳಿಗಳಿಗೆ ಭೂತಬಾಧೆ ತಟ್ಟದಿರಲೆಂದು ದರ್ಭೆಯಿಂದ ರಕ್ಷೆ ಮಾಡಿಸುತ್ತಾನೆ. ಅಲ್ಲಿ ಕೇಡು ಹೊರಗಿನದು, ಅದನ್ನು ತಡೆಯಬೇಕು. ಕರುಳಿನಲ್ಲಿ ಹೊರಗಿನಿಂದ ಬಂದವರೇ ಕಾವಲು ಕೂರುತ್ತಾರೆ.

ಪುರುಡನ್ನು ಕಂಡು ನಗುವುದು ಸುಲಭ. ಆದರೆ ಅದು ಕರ್ಮಾಧಿಕಾರದ, ಅಂದರೆ ಪೂಜೆ ಮಾಡುವ ಅರ್ಹತೆಯ ಮಾತು, ಕೊಳೆಯ ಲೆಕ್ಕವಲ್ಲ; ಬಾಣಂತಿಗೆ ನಾಲ್ಕು ದಿನ ಬಿಡುವು ಸಿಕ್ಕಿದ್ದೂ ಅದರಿಂದಲೇ. ಎಡವಟ್ಟಾಗುವುದು ಶುದ್ಧವೆಂದರೆ ಬರಿದು ಎಂದುಕೊಂಡಾಗ. ಚರಕಸಂಹಿತೆ ಹಾಗೆಂದುಕೊಂಡಿಲ್ಲ. ವಿಮಾನಸ್ಥಾನವೆಂಬ ಭಾಗದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸುವಾಗ ‘ಸಹಜ’, ಅಂದರೆ ಮೈಯೊಡನೆಯೇ ಹುಟ್ಟಿದ, ಕ್ರಿಮಿಗಳನ್ನು ಅದು ಪಟ್ಟಿಯಿಂದ ಹೊರಗಿಡುತ್ತದೆ. ಅವು ವಿಕಾರ ಉಂಟುಮಾಡವು ಎಂಬುದು ವ್ಯಾಖ್ಯಾನದ ಮಾತು. (ಬ್ಯಾಕ್ಟೀರಿಯಾ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಹಿಗ್ಗುವಷ್ಟೇನೂ ಇದರಲ್ಲಿಲ್ಲ.) ಒಂದು ಮೈಯಲ್ಲಿ ಹಲವು ಜೀವಗಳಿರುವುದು ಜೈನರಿಗೂ ಹೊಸದಲ್ಲ: ಅವರು ನಿಗೋದ ಎನ್ನುವ ಅತಿಸೂಕ್ಷ್ಮ ಜೀವಸ್ಥಿತಿಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿಗೆ ಒಂದೇ ಶರೀರ. ಅದ್ವೈತಿಗೂ ಇದು ತೊಡಕಲ್ಲ: ಅನ್ನಮಯ ಕೋಶ, ಅಂದರೆ ಅನ್ನದಿಂದಾದ ಮೈ, ಆತ್ಮವಲ್ಲವಾದ್ದರಿಂದ ಅಲ್ಲಿ ಎಷ್ಟು ಒಕ್ಕಲಿದ್ದರೂ ಸಾಕ್ಷಿ ಒಬ್ಬನೇ. ತೊಡಕು ಬರುವುದು ‘ನನ್ನ ಮೈ ನನ್ನದೊಬ್ಬನದೇ’ ಎಂಬ ದಿನನಿತ್ಯದ ನಂಬಿಕೆಗೆ.

ಆಚರಣೆಯಲ್ಲಿ ಈ ಶುದ್ಧಿಯ ಪ್ರಶ್ನೆ ಇನ್ನೂ ಹತ್ತಿರದ್ದು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಎದೆಹಾಲು ಕುಡಿಯುವ ಮಕ್ಕಳಿಗೆ ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಮತ್ತು ಅದಕ್ಕೆ ಆಹಾರವಾಗುವ ಸಕ್ಕರೆ ಕೊಟ್ಟಿತು. ನಂಜು ಅಥವಾ ಸಾವಿಗೀಡಾದ ಮಕ್ಕಳ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿಯಿತು. ಆ ಮೊದಲ ವಾರದಲ್ಲೇ ಹಲವು ಮನೆಗಳಲ್ಲಿ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ, ಸಕ್ಕರೆ ನೀರು ನೆಕ್ಕಿಸುವ ರೂಢಿ ಇತ್ತು. ಮಗು ಹುಟ್ಟಿದಾಗ ಮಾಡುವ ಜಾತಕರ್ಮದಲ್ಲಿ ನಾಲಿಗೆಗೆ ಜೇನುತುಪ್ಪ ಮುಟ್ಟಿಸುವುದೂ ಉಂಟು. ಜೇನಿನಲ್ಲಿ ಬಾಟುಲಿಸಂ ರೋಗ ತರುವ ಬೀಜಾಣುಗಳಿರಬಹುದು. ದೊಡ್ಡವರ ಕರುಳಿನ ಜೀವಿಗಳು ಅವನ್ನು ಮೊಳೆಯಗೊಡುವುದಿಲ್ಲ. ಎಳೆಗೂಸಿನಲ್ಲಿ ಆ ಕಾವಲು ಇನ್ನೂ ಬಲಿತಿರುವುದಿಲ್ಲ. ವರ್ಷ ತುಂಬುವವರೆಗೆ ಜೇನು ಬೇಡವೆಂದು ವೈದ್ಯರು ಹೇಳುವುದು ಇದಕ್ಕೇ. ಮಂತ್ರಕ್ಕೆ ಇದರಿಂದ ಅಡ್ಡಿಯೇನಿಲ್ಲ. ಜೇನಿನ ಜಾಗದಲ್ಲಿ ತಾಯಿಯ ಹಾಲಿನ ಹನಿಯೇ ಸಾಕು.